ಪದೇ ಪದೇ ಬರುವ ಯೀಸ್ಟ್ ಸೋಂಕು: ಒಂದೇ ಮಾತ್ರೆಗೆ ಯಾಕೆ ಬಗ್ಗುವುದಿಲ್ಲ, ಯಾವ ಕ್ರಮದಲ್ಲಿ ಹೋಗಬೇಕು

ನಾನು ಬೆಂಗಳೂರಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ನಮ್ಮ ಕೌಂಟರಿನ ಕೊನೆಯಲ್ಲಿ, ಪ್ಯಾಡ್ ಜೋಡಿಸಿಟ್ಟಿರುವ ರ‍್ಯಾಕಿನ ಪಕ್ಕ, ಒಂದು ಮೂಲೆ ಇದೆ. ಹೆಂಗಸರು ಬೇರೆ ಗಿರಾಕಿಗಳು ಹೋಗುವವರೆಗೆ ಅಲ್ಲಿ ಸುಮ್ನೆ ನಿಂತಿರುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಫೋನ್ ತೆಗೆದು ಹಳೇ ಫೋಟೊ ತೋರಿಸುತ್ತಾರೆ. "ಇದೇ ಕೊಡಿ ಅಕ್ಕಾ." ಒಂದೇ ಮಾತ್ರೆಯ ಸ್ಟ್ರಿಪ್, ಫ್ಲುಕೊನಜೋಲ್ 150. ಯೋನಿಯ ಯೀಸ್ಟ್ ಸೋಂಕಿಗೆ, ಅಂದರೆ ಅಲ್ಲಿ ಫಂಗಸ್ ಬೆಳೆದು ತುರಿಕೆ ಬರುವುದಕ್ಕೆ, ಕೊಡುವ ಮಾತ್ರೆ. ಎರಡು ತಿಂಗಳಿಗೆ ಮತ್ತೆ ಅದೇ ಮೂಲೆ, ಅದೇ ಫೋಟೊ.

ಮಾತ್ರೆ ಕೆಟ್ಟದ್ದಲ್ಲ. ಅಪರೂಪಕ್ಕೊಮ್ಮೆ ಬರುವ ಸೋಂಕಿಗೆ ಅದೊಂದೇ ಸಾಕು. ವರ್ಷಕ್ಕೆ ಮೂರು ನಾಲ್ಕು ಸಲ ಬರುತ್ತಿದ್ದರೆ ಮಾತ್ರ ಸಾಲದು. ಅದಕ್ಕೆ ಬೇರೆಯದೇ ಕ್ರಮ ಇದೆ. ಮೊದಲು ಟೆಸ್ಟ್ ಮಾಡಿಸಬೇಕು, ಆಮೇಲೆ ಸೋಂಕನ್ನು ಪೂರ್ತಿ ಇಳಿಸಬೇಕು, ಆಮೇಲೆ ಆರು ತಿಂಗಳು ಅದು ತಲೆ ಎತ್ತದಂತೆ ಹಿಡಿದಿಡಬೇಕು. ನಾನು ನೋಡಿದ ಹೆಚ್ಚಿನವರು ಮೊದಲನೆಯದನ್ನೂ ಮೂರನೆಯದನ್ನೂ ಬಿಟ್ಟು, ನಡುವಿನದನ್ನು ಅರ್ಧ ಮಾಡುತ್ತಾರೆ.

ನಾನು ಡಾಕ್ಟರ್ ಅಲ್ಲ. ಕೆಳಗಿರುವ ಡೋಸುಗಳು ಡಾಕ್ಟರುಗಳು ಸಾಮಾನ್ಯವಾಗಿ ಬರೆದುಕೊಡುವಂಥವು. ನಿಮ್ಮ ಚೀಟಿಯಲ್ಲಿ ಏನಿದೆ, ಯಾಕಿದೆ ಅಂತ ಅರ್ಥವಾಗಲಿ ಎಂದು ಬರೆದಿದ್ದೇನೆ. ಇದನ್ನು ಓದಿ ನೇರ ಮೆಡಿಕಲ್‌ಗೆ ಬರಬೇಡಿ, ಡಾಕ್ಟರ್ ಹತ್ತಿರ ಹೋಗಿ ಆಮೇಲೆ ಬನ್ನಿ.

## ಶುರು ಮಾಡುವ ಮೊದಲು: ಇವರಿಗೆ ಈ ದಾರಿ ಅಲ್ಲ

ಗರ್ಭಿಣಿಯರು, ಮುಟ್ಟು ತಪ್ಪಿ ಅನುಮಾನದಲ್ಲಿರುವವರು ಫ್ಲುಕೊನಜೋಲ್ ಮಾತ್ರೆ ನುಂಗಬಾರದು. ಅವರಿಗೆ ಯೋನಿಯೊಳಗೆ ಇಡುವ ಮಾತ್ರೆ ಅಥವಾ ಕ್ರೀಮ್ ಮಾತ್ರ, ಸಾಮಾನ್ಯವಾಗಿ ಏಳು ದಿನ, ಅದೂ ಡಾಕ್ಟರ್ ಹೇಳಿದ ಮೇಲೆ.

ಕೆಳಹೊಟ್ಟೆ ನೋವು, ಜ್ವರ, ಮುಟ್ಟಿನ ನಡುವೆ ರಕ್ತ, ಗುಳ್ಳೆ ಅಥವಾ ಹುಣ್ಣು, ಕೆಟ್ಟ ವಾಸನೆಯ ಹಳದಿ ಅಥವಾ ಹಸಿರು ಸ್ರಾವ, ಇವುಗಳಲ್ಲಿ ಒಂದಿದ್ದರೂ ಅದು ಬರೀ ಯೀಸ್ಟ್ ಅಲ್ಲ. ಅವತ್ತೇ ಡಾಕ್ಟರಿಗೆ ತೋರಿಸಿ.

ಮುಟ್ಟು ನಿಂತು ವರ್ಷಗಳಾದವರಿಗೂ ಒಂದು ಮಾತು. ಯೋನಿಯಲ್ಲಿ ಯೀಸ್ಟ್ ಬೆಳೆಯಲು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ನೆರವು ಬೇಕು, ಮುಟ್ಟು ನಿಂತ ಮೇಲೆ ಅದು ಕಮ್ಮಿಯಾಗುತ್ತದೆ. ಆ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದೆ, ಹಾರ್ಮೋನ್ ಮಾತ್ರೆ ತಗೊಳ್ಳದೆ ಪದೇ ಪದೇ ತುರಿಕೆ ಬರುತ್ತಿದ್ದರೆ ಕಾರಣ ಬೇರೆ ಇರುವ ಸಾಧ್ಯತೆಯೇ ಜಾಸ್ತಿ. ಒಳಗೆ ಒಣಗಿರಬಹುದು, ಚರ್ಮ ಬಿಳಿಚಿಕೊಂಡು ತೆಳುವಾಗುವ ಲೈಕನ್ ಸ್ಕ್ಲೆರೋಸಸ್ ಇರಬಹುದು. ಇವು ಫಂಗಸ್ ಮಾತ್ರೆಗೆ ಕೇಳುವುದಿಲ್ಲ.

## ಬೇಕಾಗುವ ಸಾಮಾನು

ದೊಡ್ಡದೇನೂ ಇಲ್ಲ. ಗೋಡೆಯ ಮೇಲೊಂದು ಕ್ಯಾಲೆಂಡರ್, ಬೆಂಗಳೂರು ಪ್ರೆಸ್‌ನದ್ದಾದರೆ ಇನ್ನೂ ಒಳ್ಳೆಯದು, ಬರೆಯಲು ಜಾಗ ಇರುತ್ತದೆ. ಒಂದು ಪ್ಲಾಸ್ಟಿಕ್ ಕವರ್: ಹಳೇ ಚೀಟಿ, ರಿಪೋರ್ಟ್, ಖಾಲಿ ಸ್ಟ್ರಿಪ್ ಎಲ್ಲ ಅದರಲ್ಲಿರಲಿ. ಒಂದು ಪುಟ್ಟ ಕೈಗನ್ನಡಿ. ಆರೇಳು ಕಾಟನ್ ಒಳಉಡುಪು. ಕನ್ನಡಿ ಯಾಕೆ ಅಂತ ನಗಬೇಡಿ. ತುರಿಕೆ ಒಳಗಿದೆಯೋ ಹೊರಚರ್ಮದಲ್ಲಿದೆಯೋ, ಚರ್ಮ ಕೆಂಪಾಗಿದೆಯೋ ಬಿಳಿಚಿದೆಯೋ ಅಂತ ಡಾಕ್ಟರ್ ಕೇಳಿದಾಗ ಉತ್ತರ ನಿಮ್ಮ ಹತ್ತಿರ ಇರಬೇಕು.

## ಹಂತ 1: ಎಷ್ಟು ಸಲ ಬಂದಿದೆ, ಲೆಕ್ಕ ಹಾಕಿ

ಒಂದು ವರ್ಷದೊಳಗೆ ಮೂರು ಅಥವಾ ಹೆಚ್ಚು ಸಲ ಬಂದರೆ ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ. ಮೊದಲು ನಾಲ್ಕು ಸಲ ಅಂತ ಲೆಕ್ಕ ಇತ್ತು, ಈಗಲೂ ಕೆಲವು ಡಾಕ್ಟರುಗಳು ನಾಲ್ಕು ಅನ್ನುತ್ತಾರೆ. ಎರಡೂ ಸರಿಯೇ.

ಪ್ರತಿ ಸಲದ ತಾರೀಖು ನೆನಪು ಮಾಡಿಕೊಂಡು ಬರೆಯಿರಿ. ಪಕ್ಕದಲ್ಲಿ ಹಿಂದಿನ ಹದಿನೈದು ದಿನ ಏನಾಗಿತ್ತು ಅಂತ ಬರೆಯಿರಿ: ಗಂಟಲು ನೋವಿಗೆ ಆ್ಯಂಟಿಬಯಾಟಿಕ್ ತಗೊಂಡಿದ್ದು, ಮುಟ್ಟು ಹತ್ತಿರ ಇದ್ದಿದ್ದು, ಹೊಸ ಸೋಪು, ಹೊಸ ಸಕ್ಕರೆ ಮಾತ್ರೆ. ಒಬ್ಬ ಹುಡುಗಿ ಹೀಗೆ ಬರೆದುಕೊಂಡು ಬಂದಾಗ ಐದರಲ್ಲಿ ನಾಲ್ಕು ಸಲವೂ ಹಿಂದಿನ ವಾರ ಆ್ಯಂಟಿಬಯಾಟಿಕ್ ಇತ್ತು. ಮೊಡವೆಗೆ ಅಂತ ತಗೊಳ್ಳುತ್ತಿದ್ದಳು. ಅದುವರೆಗೆ ಯಾರೂ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ, ಎರಡನ್ನೂ ಮಾರಿದ ನಾನೂ ನೋಡಿರಲಿಲ್ಲ.

## ಹಂತ 2: ಹಚ್ಚುತ್ತಿರುವುದನ್ನೆಲ್ಲ ನಿಲ್ಲಿಸಿ

ಟೆಸ್ಟಿಗೆ ಹೋಗುವ ಮೊದಲೇ ಇದನ್ನು ಮಾಡಬೇಕು. ಕಾರಣ ಎರಡು. ಔಷಧಿ ಇರುವಾಗ ತೆಗೆದ ಸ್ಯಾಂಪಲಿನಲ್ಲಿ ಫಂಗಸ್ ಬೆಳೆಯುವುದಿಲ್ಲ, ರಿಪೋರ್ಟ್ ಸುಳ್ಳೇ "ನಾರ್ಮಲ್" ಬರುತ್ತದೆ. ಇನ್ನೊಂದು, ಎಷ್ಟೋ ಸಲ ಉರಿ ಬರುವುದೇ ಹಚ್ಚಿದ್ದರಿಂದ.

ತಡೆಯಲು ಆಗುವಷ್ಟೇ ತುರಿಕೆ ಇದ್ದರೆ ಎರಡು ವಾರ ಫಂಗಸ್ ಮಾತ್ರೆ, ಕ್ರೀಮ್ ಬಿಟ್ಟು ಟೆಸ್ಟಿಗೆ ಹೋಗಿ. ತಡೆಯಲು ಆಗದಿದ್ದರೆ ಕಾಯಬೇಡಿ. ಹೋಗಿ, ಯಾವ ದಿನ ಏನು ತಗೊಂಡಿರಿ ಎಂದು ಹೇಳಿಬಿಡಿ.

ಮನೆಯಲ್ಲಿರುವ ಕ್ರೀಮಿನ ಟ್ಯೂಬ್ ತೆಗೆದು ಹಿಂಬದಿ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಬೆಕ್ಲೋಮೆಥಾಸೋನ್, ಇವುಗಳಲ್ಲಿ ಒಂದು ಇದ್ದರೆ ಅದು ಸ್ಟೀರಾಯ್ಡ್ ಬೆರೆಸಿದ ಕ್ರೀಮ್. ಮನೆಮಂದಿಯೆಲ್ಲ ತುರಿಕೆಗೆ, ಹುಳುಕಡ್ಡಿಗೆ ಒಂದೇ ಟ್ಯೂಬ್ ಬಳಸುತ್ತೇವಲ್ಲ, ಅಂಥದ್ದು. ಹಚ್ಚಿದ ಹತ್ತು ನಿಮಿಷಕ್ಕೆ ಆರಾಮ ಅನಿಸುತ್ತದೆ. ಆದರೆ ಫಂಗಸ್ಸಿಗೂ ಅಷ್ಟೇ ಆರಾಮ! ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಬಟ್ಟೆ ತಗುಲಿದರೂ ಉರಿಯುತ್ತದೆ.

ಡೆಟಾಲ್ ನೀರು, ಬೇವಿನ ಎಲೆ ಕುದಿಸಿದ ನೀರು, ಉಪ್ಪು ನೀರು, ಬೆಳ್ಳುಳ್ಳಿ, ಮೊಸರು, ಟೀ ಟ್ರೀ ಎಣ್ಣೆ, ಇವನ್ನೂ ಬಿಡಿ. ಮೊಸರಿನ ಬಗ್ಗೆ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಮೊಸರಿನಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಇರುವುದು ನಿಜ, ಯೋನಿಯಲ್ಲಿ ಇರುವುದೂ ಅದೇ ಮನೆತನದ್ದು. ಆದರೆ ಜಾತಿ ಬೇರೆ. ಮೊಸರಿನಲ್ಲಿರುವುದು ಅಲ್ಲಿ ಹೋಗಿ ಬೇರು ಬಿಡುವುದಿಲ್ಲ. ಊಟಕ್ಕೆ ಎಷ್ಟು ಬೇಕಾದರೂ ತಿನ್ನಿ.

ಪರಿಮಳದ ಇಂಟಿಮೇಟ್ ವಾಶ್ ಕೂಡ ಬೇಡ. ನಾನೇ ಮಾರುತ್ತೇನೆ, ನಾನೇ ಹೇಳುತ್ತಿದ್ದೇನೆ. ಹೊರಗೆ ಬರೀ ನೀರು ಸಾಕು. ಒಳಗೆ ನೀರೂ ಬೇಡ, ಬೆರಳು ಹಾಕಿ ತೊಳೆಯುವುದೂ ಬೇಡ. ತುರಿಕೆ ತಡೆಯಲಾಗದಿದ್ದರೆ ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ. ಹೊರಚರ್ಮಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಬಹುದು.

## ಹಂತ 3: ಟೆಸ್ಟ್ ಮಾಡಿಸಿ (ಎಲ್ಲರೂ ಹಾರಿಹೋಗುವ ಹಂತ)

"ಇದು ಅದೇ, ನಂಗೊತ್ತು" ಅನ್ನುವುದೇ ದೊಡ್ಡ ತಪ್ಪು. ತುರಿಕೆ, ಬಿಳಿ ಹೋಗುವುದು, ಇವೆರಡರಿಂದ ಯೀಸ್ಟ್ ಅಂತ ಹೇಳಲು ಬರುವುದಿಲ್ಲ. ಅನುಭವಿ ಡಾಕ್ಟರುಗಳೂ ಬರೀ ಲಕ್ಷಣ ಕೇಳಿ ಹೇಳಿದರೆ ತಪ್ಪುತ್ತಾರೆ.

ಯೀಸ್ಟ್ ಆದರೆ ಸಾಮಾನ್ಯವಾಗಿ ತುರಿಕೆ ಜಾಸ್ತಿ, ಸ್ರಾವ ಗಟ್ಟಿಯಾಗಿ ಒಡೆದ ಹಾಲಿನ ಗಸಿಯಂತೆ, ವಾಸನೆ ಇರುವುದಿಲ್ಲ. ಬ್ಯಾಕ್ಟೀರಿಯಾ ಏರುಪೇರಾದರೆ ಸ್ರಾವ ತೆಳು, ಬೂದುಬಿಳಿ, ಮೀನಿನ ವಾಸನೆ, ತುರಿಕೆ ಕಮ್ಮಿ. ಟ್ರೈಕೊಮೊನಾಸ್ ಆದರೆ ಹಳದಿ ಹಸಿರು, ಕೆಲವೊಮ್ಮೆ ನೊರೆ. ಅದು ಸಂಭೋಗದಿಂದ ಹರಡುವ ಸೋಂಕು, ಗಂಡನಿಗೂ ಚಿಕಿತ್ಸೆ ಬೇಕು. ಇವೆರಡಕ್ಕೂ ಔಷಧಿ ಬೇರೆ. ಫ್ಲುಕೊನಜೋಲ್ ಎಷ್ಟು ನುಂಗಿದರೂ ಪ್ರಯೋಜನ ಇಲ್ಲ.

ಕೇಳಬೇಕಾದ ಟೆಸ್ಟುಗಳು ಇವು:

1. ಯೋನಿಯ ಪಿಹೆಚ್. ಒಂದು ಕಾಗದದ ಪಟ್ಟಿ, ಅರ್ಧ ನಿಮಿಷದ ಕೆಲಸ. 4.5ಕ್ಕಿಂತ ಕಮ್ಮಿ ಇದ್ದರೆ ಯೀಸ್ಟ್ ಇರಬಹುದು. ಮೇಲಿದ್ದರೆ ಉಳಿದ ಎರಡರ ಕಡೆ ನೋಡಬೇಕು.
2. ಕೆಒಹೆಚ್ ಮೌಂಟ್. ಸ್ರಾವದ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಮೊಗ್ಗಿನಂಥ ಕಣ, ಎಳೆಗಳು ಕಂಡರೆ ಯೀಸ್ಟ್.
3. ಫಂಗಲ್ ಕಲ್ಚರ್, ಅಂದರೆ ಸ್ಯಾಂಪಲಿನ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು, ಯಾವ ಜಾತಿ ಅನ್ನುವುದರ ಸಮೇತ. ಪದೇ ಪದೇ ಬರುವವರಿಗೆ ಮುಖ್ಯವಾದದ್ದು ಇದೇ. ರಿಪೋರ್ಟಿಗೆ ಕೆಲವು ದಿನ ಬೇಕು.
4. ಹೆಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ. ಕೆಲವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಮೊದಲು ಗೊತ್ತಾಗುವುದೇ ಈ ತುರಿಕೆಯಿಂದ.
5. ಡಾಕ್ಟರ್ ಹೇಳಿದರೆ ಹೆಚ್‌ಐವಿ ಟೆಸ್ಟ್. ಗಾಬರಿ ಬೇಡ. ಮರುಕಳಿಸುವ ಯೀಸ್ಟ್ ಇರುವವರಲ್ಲಿ ಹೆಚ್ಚಿನವರಿಗೆ ಬೇರೆ ಯಾವ ಕಾಯಿಲೆಯೂ ಇರುವುದಿಲ್ಲ.

"ಬಿಳಿ ಹೋಗುತ್ತಿದೆ" ಎಂದಷ್ಟೇ ಹೇಳಿದರೆ ಚೀಟಿಯಲ್ಲಿ ಮಾತ್ರೆ ಬರುತ್ತದೆ, ಟೆಸ್ಟ್ ಬರುವುದಿಲ್ಲ. ಹೀಗೆ ಹೇಳಿ: "ಒಂದು ವರ್ಷದಲ್ಲಿ ಇದು ನಾಲ್ಕನೇ ಸಲ. ಪ್ರತಿ ಸಲ ಒಂದು ಮಾತ್ರೆ ತಗೊಂಡಿದ್ದೀನಿ. ಈ ಸಲ ಕಲ್ಚರ್ ಮಾಡಿಸೋಣ ಅಂತ ಬಂದಿದ್ದೀನಿ." ಜೊತೆಗೆ ಕವರ್ ಮುಂದಿಡಿ.

ಎಲ್ಲಿ ಹೋಗುವುದು? ಹತ್ತಿರದ ಸ್ತ್ರೀರೋಗ ತಜ್ಞರು ಸಾಕು. ದುಡ್ಡಿನ ತೊಂದರೆ ಇದ್ದರೆ ಕೋಟೆ ಹತ್ತಿರದ ವಾಣಿವಿಲಾಸ, ಶಿವಾಜಿನಗರದ ಬೌರಿಂಗ್, ಮಲ್ಲೇಶ್ವರದ ಕೆ.ಸಿ. ಜನರಲ್ ಇವೆ. ಬೆಳಿಗ್ಗೆ ಬೇಗ ಹೋಗಿ ಹೊರರೋಗಿ ಚೀಟಿ ಮಾಡಿಸಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ. ಅಲ್ಲಿ ಸ್ರಾವದ ತೊಂದರೆಗೆ ಹಸಿರು ಬಣ್ಣದ ಕಿಟ್ ಕೊಡುತ್ತಾರೆ, ಒಳಗೆ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುತ್ತದೆ. ಮೊದಲ ಸಲಕ್ಕೆ ಒಳ್ಳೆಯ ವ್ಯವಸ್ಥೆ. ಆದರೆ ಇದು ನಾಲ್ಕನೇ ಸಲ ಅಂತ ಬಾಯಿಬಿಟ್ಟು ಹೇಳದಿದ್ದರೆ ನಾಲ್ಕನೇ ಸಲವೂ ಅದೇ ಕಿಟ್ ಸಿಗುತ್ತದೆ.

ಮದುವೆ ಆಗದ ಹುಡುಗಿಯರಿಗೆ ಬೇರೆಯಾಗಿ ಹೇಳಬೇಕು. ಪಿಜಿಯಲ್ಲಿರುವ ಎಷ್ಟೋ ಹುಡುಗಿಯರು ಡಾಕ್ಟರ್ ಹತ್ತಿರ ಹೋಗದೆ ಇರುವುದು "ಮದುವೆ ಆಗಿದೆಯಾ?" ಅನ್ನುವ ಪ್ರಶ್ನೆಗೆ ಹೆದರಿ. ಯೀಸ್ಟ್ ಸೋಂಕು ಸಂಭೋಗವೇ ಮಾಡದವರಿಗೂ ಬರುತ್ತದೆ. ಆ ಪ್ರಶ್ನೆ ನಿಜವಾಗಿ ಕೇಳುತ್ತಿರುವುದು ಒಳಗೆ ಉಪಕರಣ ಹಾಕಿ ನೋಡಬಹುದಾ ಅಂತ. ಬೇಡ ಅನಿಸಿದರೆ "ಸ್ಪೆಕ್ಯುಲಮ್ ಬೇಡ, ಸ್ವಾಬ್ ಮಾತ್ರ ತೆಗೆಯಿರಿ" ಅನ್ನಿ. ಇಯರ್‌ಬಡ್‌ನಂಥ ಸಣ್ಣ ಕಡ್ಡಿ ಅಷ್ಟೇ. ಕೆಲವು ಕಡೆ ನಿಮ್ಮ ಕೈಗೇ ಕೊಟ್ಟು ಬಾತ್‌ರೂಮಿಗೆ ಕಳಿಸುತ್ತಾರೆ, ಅದೂ ನಡೆಯುತ್ತದೆ.

ಟೆಸ್ಟಿನ ಹಿಂದಿನ ಎರಡು ದಿನ ಸಂಭೋಗ ಬೇಡ. ಮುಟ್ಟು ಇಲ್ಲದ ದಿನ ನೋಡಿ ಹೋಗಿ.

## ಹಂತ 4: ರಿಪೋರ್ಟ್ ಓದುವುದು

ಕ್ಯಾಂಡಿಡಾ ಅನ್ನುವುದು ಈ ಯೀಸ್ಟಿನ ಹೆಸರು. "ಕ್ಯಾಂಡಿಡಾ ಆಲ್ಬಿಕನ್ಸ್" ಅಂತಿದ್ದರೆ ಸಾಮಾನ್ಯ ಜಾತಿ. ಫ್ಲುಕೊನಜೋಲ್‌ಗೆ ಹೆಚ್ಚಾಗಿ ಬಗ್ಗುತ್ತದೆ. ಹಂತ 5ಕ್ಕೆ ಹೋಗಿ.

"ಕ್ಯಾಂಡಿಡಾ ಗ್ಲಾಬ್ರಾಟಾ" ಅಥವಾ ಬೇರೆ ಹೆಸರಿದ್ದರೆ ಅಲ್ಲೇ ನಿಲ್ಲಿ. ಇಂಥವಕ್ಕೆ ಫ್ಲುಕೊನಜೋಲ್ ಸರಿಯಾಗಿ ನಾಟದೆ ಇರಬಹುದು. ಹಂತ 8 ನೋಡಿ.

"ನೋ ಗ್ರೋತ್" ಬಂದು, ನೀವು ಹಂತ 2 ಸರಿಯಾಗಿ ಮಾಡಿದ್ದರೆ, ನಿಮ್ಮದು ಯೀಸ್ಟ್ ಅಲ್ಲದಿರಬಹುದು. ಪ್ಯಾಡಿನ ಅಲರ್ಜಿ, ಸೋಪಿನ ಉರಿ, ಎಕ್ಸಿಮಾ, ಸೋರಿಯಾಸಿಸ್, ಇವೆಲ್ಲ ತುರಿಸುತ್ತವೆ. ಚರ್ಮರೋಗ ತಜ್ಞರಿಗೆ ತೋರಿಸಿ.

ಇನ್ನೊಂದು ಉಲ್ಟಾ ಪ್ರಸಂಗ. ಏನೂ ತೊಂದರೆ ಇಲ್ಲ, ಬೇರೆ ಯಾವುದೋ ತಪಾಸಣೆಯಲ್ಲಿ "ಕ್ಯಾಂಡಿಡಾ ಕಂಡಿದೆ" ಅಂತ ಬಂತು. ಅದಕ್ಕೆ ಔಷಧಿ ಬೇಡ. ನೂರರಲ್ಲಿ 10ರಿಂದ 20 ಹೆಂಗಸರಲ್ಲಿ ಅದು ಸುಮ್ಮನೆ ವಾಸ ಮಾಡಿಕೊಂಡಿರುತ್ತದೆ.

## ಹಂತ 5: ಮೊದಲು ಪೂರ್ತಿ ಇಳಿಸಿ

ಆರು ತಿಂಗಳ ಕೋರ್ಸ್ ಶುರುವಾಗುವ ಮೊದಲು ಈಗಿನ ಸೋಂಕು ಪೂರ್ತಿ ಇಳಿಯಬೇಕು. ಸಾಮಾನ್ಯವಾಗಿ ಬರೆಯುವುದು ಫ್ಲುಕೊನಜೋಲ್ 150 ಮಿಲಿಗ್ರಾಂ ಮೂರು ಮಾತ್ರೆ: 1ನೇ ದಿನ, 4ನೇ ದಿನ, 7ನೇ ದಿನ.

ದಿನಾ ಯಾಕಲ್ಲ? ಈ ಔಷಧಿ ಮೈಯಲ್ಲಿ ನಿಧಾನಕ್ಕೆ ಕರಗುತ್ತದೆ. ಅರ್ಧದಷ್ಟು ಇಳಿಯಲು ಸುಮಾರು 30 ಗಂಟೆ ಬೇಕು. ಮೂರು ದಿನಕ್ಕೊಮ್ಮೆ ಹಾಕಿದರೆ ಮಟ್ಟ ತೀರಾ ಇಳಿಯದೆ ನಿಲ್ಲುತ್ತದೆ. ಮೊದಲ ಮಾತ್ರೆ ನುಂಗಿದ ರಾತ್ರಿಯೇ ತುರಿಕೆ ಹೋಗಲಿಲ್ಲ ಅಂತ ಮರುದಿನವೇ ಎರಡನೆಯದನ್ನು ನುಂಗುವವರಿದ್ದಾರೆ. ಹಾಗೆ ಮಾಡಬೇಡಿ, ಆರಾಮ ಅನಿಸಲು ಎರಡು ಮೂರು ದಿನ ಬೇಕೇ ಬೇಕು. ಇದಕ್ಕಿಂತ ಹೆಚ್ಚು ಜನ ಮಾಡುವ ತಪ್ಪು ಇನ್ನೊಂದು: 4ನೇ ದಿನಕ್ಕೆ ತುರಿಕೆ ನಿಂತಿತು ಅಂತ 7ನೇ ದಿನದ ಮಾತ್ರೆಯನ್ನು "ಮುಂದಿನ ಸಲಕ್ಕೆ ಇರಲಿ" ಅಂತ ಬೀರುವಿನಲ್ಲಿ ಇಡುವುದು. ಆ ಮುಂದಿನ ಸಲ ಬರುವುದೇ ಅದರಿಂದ.

ಮಾತ್ರೆ ನುಂಗಲು ಆಗದವರಿಗೆ ಒಳಗೆ ಇಡುವ ಕ್ಲೋಟ್ರಿಮಜೋಲ್ ಕೊಡುತ್ತಾರೆ, 7ರಿಂದ 14 ರಾತ್ರಿ. ಇದನ್ನು ಹೇಗೆ ಇಡುವುದು ಅಂತ ಯಾರೂ ಹೇಳಿಕೊಡುವುದಿಲ್ಲ. ನೀರಿನ ಜೊತೆ ನುಂಗಿ ಬಂದವರನ್ನೂ ನೋಡಿದ್ದೇನೆ. ಅದಕ್ಕೇ ಬಿಡಿಸಿ ಬರೆಯುತ್ತೇನೆ.

ರಾತ್ರಿ ಎಲ್ಲ ಕೆಲಸ ಮುಗಿಸಿ, ಮೂತ್ರ ಮಾಡಿ, ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಉಗುರು ಕತ್ತರಿಸಿರಲಿ. ಅಂಗಾತ ಮಲಗಿ ಎರಡೂ ಮಂಡಿ ಮಡಚಿ ಅಗಲಿಸಿ. ಡಬ್ಬಿಯಲ್ಲಿ ಪ್ಲಾಸ್ಟಿಕ್ ಕೊಳವೆ ಇದ್ದರೆ ಅದರ ತುದಿಗೆ ಮಾತ್ರೆ ಸಿಕ್ಕಿಸಿ. ನೇರ ಮೇಲಕ್ಕೆ ಅಲ್ಲ, ಸೊಂಟದ ಹಿಂಭಾಗದ ಕಡೆಗೆ ಓರೆಯಾಗಿ, ನೋವಾಗದಷ್ಟು ಒಳಗೆ ಹಾಕಿ ಹಿಂದಿನ ಕಡ್ಡಿ ಒತ್ತಿ. ಕೊಳವೆ ಇಲ್ಲದಿದ್ದರೆ ಮಾತ್ರೆಯನ್ನು ಒಂದು ಹನಿ ನೀರಿನಲ್ಲಿ ಒದ್ದೆ ಮಾಡಿ ನಡುಬೆರಳಿನಿಂದ ಬೆರಳು ಹೋಗುವಷ್ಟು ತಳ್ಳಿ. ಯೋನಿಯ ಬಾಯಿಯಲ್ಲೇ ಬಿಟ್ಟರೆ ರಾತ್ರಿಯೇ ಹೊರಗೆ ಬರುತ್ತದೆ. ಗರ್ಭಿಣಿಯರು ಕೊಳವೆ ಬಳಸದೆ ಬೆರಳಿನಿಂದಲೇ ಇಡುವುದು ಒಳ್ಳೆಯದು.

ಬೆಳಿಗ್ಗೆ ಸುಣ್ಣದ ಪುಡಿಯಂಥ ಚೂರು ಬರುತ್ತದೆ. ಮಾತ್ರೆಯ ಉಳಿಕೆ ಅದು, ರೋಗ ಹೆಚ್ಚಾಗಿದ್ದಲ್ಲ. ಪ್ಯಾಡ್ ಇಟ್ಟುಕೊಳ್ಳಿ, ಟ್ಯಾಂಪನ್ ಅಥವಾ ಕಪ್ ಬೇಡ. ಮುಟ್ಟು ಶುರುವಾಗುವ ಹೊತ್ತಿಗೆ ಈ ಕೋರ್ಸ್ ಹಿಡಿಯಬೇಡಿ, ತೊಳೆದು ಹೋಗುತ್ತದೆ. ಕಾಂಡೋಮ್ ನಂಬಿಕೊಂಡವರು ಗಮನಿಸಿ: ಈ ಮಾತ್ರೆ, ಕ್ರೀಮ್, ಪೆಟ್ರೋಲಿಯಂ ಜೆಲ್ಲಿ ಎಲ್ಲವೂ ಲ್ಯಾಟೆಕ್ಸನ್ನು ದುರ್ಬಲ ಮಾಡುತ್ತವೆ.

ಇಟ್ಟ ಮೊದಲ ರಾತ್ರಿ ಸ್ವಲ್ಪ ಉರಿ ಸಹಜ. ಊದಿಕೊಂಡರೆ, ದದ್ದು ಎದ್ದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

## ಹಂತ 6: ಆರು ತಿಂಗಳು ಹಿಡಿದಿಡಿ

ವಾರಕ್ಕೊಂದು ಫ್ಲುಕೊನಜೋಲ್, ಆರು ತಿಂಗಳು. ಒಟ್ಟು 26 ಮಾತ್ರೆ. ಡೋಸ್ 100, 150 ಅಥವಾ 200, ಅದು ಡಾಕ್ಟರ್ ತೀರ್ಮಾನ. ಅಷ್ಟೇ ನೋಡಿ ಗುಟ್ಟು. ಸುಲಭ ಅನಿಸುತ್ತದೆ, ಆದರೆ ಜನ ಸೋಲುವುದೇ ಇಲ್ಲಿ. ತುರಿಕೆ ಇಲ್ಲದಿರುವಾಗ ಮಾತ್ರೆ ನುಂಗಲು ಯಾರಿಗೆ ನೆನಪಿರುತ್ತದೆ?

ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಸೋಮವಾರ ಅಂತಿಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ 26 ಸೋಮವಾರಕ್ಕೂ ಇವತ್ತೇ ಪೆನ್ಸಿಲಿನಿಂದ ಸುತ್ತು ಹಾಕಿ. ನುಂಗಿದ ದಿನ ಪೆನ್ನಿನಿಂದ ಗೀಟು ಹೊಡೆಯಿರಿ. ಹಾಲು ಬರದ ದಿನ, ಸಿಲಿಂಡರ್ ಬಂದ ದಿನ ಎಲ್ಲ ಅಲ್ಲೇ ಬರೆಯುತ್ತೇವಲ್ಲ, ಇದೂ ಇರಲಿ. ಅತ್ತೆ ಕೇಳಿದರೆ ಕ್ಯಾಲ್ಸಿಯಂ ಮಾತ್ರೆ ಅಂತ ಹೇಳುವ ಒಬ್ಬರು ನನಗೆ ಗೊತ್ತು.

ಸೋಮವಾರ ಮರೆತು ಬುಧವಾರ ನೆನಪಾದರೆ ಬುಧವಾರ ನುಂಗಿ. ಮುಂದಿನದು ಮತ್ತೆ ಸೋಮವಾರ. ಎರಡು ಒಟ್ಟಿಗೆ ಬೇಡ. ಅಂಗಡಿಯಲ್ಲಿ ಒಂದೊಂದೇ ಕೊಳ್ಳಬೇಡಿ, ತಿಂಗಳಿಗೆ ಆಗುವಷ್ಟು ತಗೊಳ್ಳಿ. ಜನೌಷಧಿ ಕೇಂದ್ರದಲ್ಲಿ ಸಿಕ್ಕರೆ ಇನ್ನೂ ಅಗ್ಗ.

ಮುಟ್ಟು ತಪ್ಪಿದರೆ ಆ ವಾರದ ಮಾತ್ರೆಗೆ ಮೊದಲು ಗರ್ಭದ ಟೆಸ್ಟ್. ಮಗುವಿನ ಯೋಚನೆಯಲ್ಲಿದ್ದರೆ ಕೋರ್ಸ್ ಶುರು ಮಾಡುವ ಮೊದಲೇ ಡಾಕ್ಟರಿಗೆ ಹೇಳಿ.

ನೀವು ತಗೊಳ್ಳುವ ಬೇರೆ ಮಾತ್ರೆಗಳ ಪಟ್ಟಿ ತೋರಿಸದೆ ಈ ಕೋರ್ಸ್ ಹಿಡಿಯಬೇಡಿ. ಗ್ಯಾಸ್ಟ್ರಿಕ್‌ಗೆ ನುಂಗುವ ಕ್ಯಾಪ್ಸೂಲಿನಲ್ಲಿ ಎಷ್ಟೋ ಸಲ ಡೊಂಪೆರಿಡೋನ್ ಸೇರಿರುತ್ತದೆ. ಅದೂ ಫ್ಲುಕೊನಜೋಲೂ ಜೊತೆಯಾದರೆ ಎದೆಬಡಿತದ ಲಯ ಕೆಡುವ ಅಪಾಯ ಇದೆ. "ಗ್ಯಾಸ್ಟ್ರಿಕ್ ಮಾತ್ರೆ ಒಂದು ಮಾತ್ರೆನಾ?" ಅಂತ ಬಿಟ್ಟುಬಿಡುತ್ತಾರೆ, ಅದಕ್ಕೇ ಮೊದಲು ಹೇಳಿದೆ. ಸಕ್ಕರೆಯ ಗ್ಲಿಮೆಪಿರೈಡ್ ಜೊತೆ ಸಕ್ಕರೆ ತೀರಾ ಇಳಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್, ಕೊಲೆಸ್ಟ್ರಾಲಿನ ಅಟೊರ್ವಾಸ್ಟಾಟಿನ್, ಫಿಟ್ಸ್‌ನ ಫೆನಿಟಾಯಿನ್, ಇವೂ ಪಟ್ಟಿಯಲ್ಲಿರಲಿ. ಲಿವರ್ ತೊಂದರೆ ಇದ್ದವರಿಗೆ ರಕ್ತಪರೀಕ್ಷೆ ಬೇಕಾಗಬಹುದು.

ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮೈತುಂಬ ದದ್ದು, ತಲೆಸುತ್ತಿ ಬೀಳುವುದು, ಎದೆ ಡವಡವ ಅನ್ನುವುದು: ಮಾತ್ರೆ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ.

ಮಾತ್ರೆ ಹಿಡಿಸದವರಿಗೆ ವಾರಕ್ಕೊಮ್ಮೆ ಒಳಗೆ ಇಡುವ ಕ್ಲೋಟ್ರಿಮಜೋಲ್ 500 ಕೊಡುವುದುಂಟು.

## ಹಂತ 7: ಈ ಆರು ತಿಂಗಳಲ್ಲೇ ಕಾರಣ ಹುಡುಕಿ

ಮಾತ್ರೆ ಕಾವಲಿರುವಾಗಲೇ ಈ ಕೆಲಸ ಮುಗಿಸಬೇಕು.

ಸಕ್ಕರೆ ಮೊದಲು. ಹೆಚ್‌ಬಿಎ1ಸಿ ಮೇಲಿದ್ದರೆ ಅದು ಇಳಿಯದೆ ಇದು ನಿಲ್ಲುವುದಿಲ್ಲ. ಸಕ್ಕರೆ ಹತೋಟಿಯಲ್ಲಿದ್ದೂ ತುರಿಕೆ ಬರುತ್ತಿದ್ದರೆ ಸಕ್ಕರೆ ಮಾತ್ರೆಯ ಹೆಸರು ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಹೀಗೆ "ಗ್ಲಿಫ್ಲೋಜಿನ್" ಅಂತ ಮುಗಿಯುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಒಳ್ಳೆಯ ಮಾತ್ರೆಗಳೇ, ಹೃದಯಕ್ಕೂ ಕಿಡ್ನಿಗೂ ಉಪಕಾರ. ಆದರೆ ಆ ಜಾಗದಲ್ಲಿ ಸಕ್ಕರೆ ನೀರು ಹರಿದ ಹಾಗೆ, ಯೀಸ್ಟಿಗೆ ಹಬ್ಬ. 2020ರಲ್ಲಿ ಡಾಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಇದನ್ನು ತಗೊಳ್ಳುವವರು ನಮ್ಮ ಅಂಗಡಿಯಲ್ಲೇ ತುಂಬ ಜಾಸ್ತಿಯಾದರು. ನೀವಾಗಿ ನಿಲ್ಲಿಸಬೇಡಿ. ಸಕ್ಕರೆ ಡಾಕ್ಟರಿಗೆ ಈ ತೊಂದರೆ ಹೇಳಿ. ನಾಚಿಕೆಪಟ್ಟು ಹೇಳದೆ ಇರುವವರೇ ಹೆಚ್ಚು, ಅದರಲ್ಲೂ ಡಾಕ್ಟರ್ ಗಂಡಸಾದರೆ.

ಆ್ಯಂಟಿಬಯಾಟಿಕ್ ಇನ್ನೊಂದು. ನೆಗಡಿಗೆ ಕೇಳಿ ಪಡೆಯಬೇಡಿ. ಬೇಕೇ ಬೇಕಾದಾಗ ನಿಮಗೆ ಯೀಸ್ಟ್ ಬರುತ್ತದೆ ಎಂದು ಡಾಕ್ಟರಿಗೆ ಮೊದಲೇ ತಿಳಿಸಿ.

ಬಟ್ಟೆ ವಿಷಯ ಚಿಕ್ಕದು. ಕಾಟನ್ ಹಾಕಿ, ಬೆವರಿದ್ದನ್ನು ಬದಲಿಸಿ, ರಾತ್ರಿ ಸಡಿಲ ನೈಟಿ ಸಾಕು. ಮಳೆಗಾಲದಲ್ಲಿ ಪಿಜಿ ರೂಮಿನೊಳಗೆ ಹಗ್ಗ ಕಟ್ಟಿ ಒಣಗಿಸಿದ್ದು ಬೆಳಿಗ್ಗೆಗೆ ಇನ್ನೂ ತಣ್ಣಗಿರುತ್ತದೆ. ಇಸ್ತ್ರಿ ಹಾಕಿ ತೊಡಿ. ಗಾಡಿಯಲ್ಲಿ ಮಳೆಗೆ ನೆನೆದು ಆಫೀಸಿಗೆ ಹೋಗುವವರು ಬ್ಯಾಗಿನಲ್ಲಿ ಒಂದು ಜೊತೆ ಇಟ್ಟುಕೊಳ್ಳಿ. ದಿನಾ ಪ್ಯಾಂಟಿ ಲೈನರ್ ಬೇಡ.

ಇನ್ನು "ಉಷ್ಣ". ಮಾವಿನಹಣ್ಣು ತಿಂದೆ, ಪಪ್ಪಾಯ ತಿಂದೆ, ಮೈ ಉಷ್ಣವಾಗಿ ಬಿಳಿ ಹೋಗುತ್ತಿದೆ ಅಂತ ಎಷ್ಟೋ ಜನ ತಿಂಗಳುಗಟ್ಟಲೆ ಬಾರ್ಲಿ ನೀರು, ನೆನೆಸಿದ ಮೆಂತ್ಯ, ಎಳನೀರಿನಲ್ಲೇ ಕಳೆಯುತ್ತಾರೆ. ನನ್ನಮ್ಮನೂ ನನಗೆ ಇದನ್ನೇ ಕೊಟ್ಟಿದ್ದು. ಕುಡಿಯಿರಿ, ತೊಂದರೆ ಇಲ್ಲ. ಆದರೆ ಫಂಗಸ್ಸಿಗೆ ಮಾವಿನ ಹಣ್ಣಿನ ಲೆಕ್ಕ ಗೊತ್ತಿಲ್ಲ. ಮುಟ್ಟಿಗೆ ನಾಲ್ಕು ದಿನ ಮೊದಲು ವಾಸನೆ, ತುರಿಕೆ ಇಲ್ಲದೆ ಬಿಳಿ ಹೋಗುವುದು ಸಹಜ, ಅದಕ್ಕೆ ಉಷ್ಣವೂ ಕಾರಣ ಅಲ್ಲ, ಔಷಧಿಯೂ ಬೇಡ.

ಗಂಡನಿಗೂ ಮಾತ್ರೆ ಬೇಕಾ? ಸಾಮಾನ್ಯವಾಗಿ ಬೇಡ. ಇದು ಸಂಭೋಗದಿಂದ ಹರಡುವ ಕಾಯಿಲೆಗಳ ಸಾಲಿನದ್ದಲ್ಲ. ಅವರ ತುದಿಯಲ್ಲಿ ಕೆಂಪು, ತುರಿಕೆ ಇದ್ದರೆ ಮಾತ್ರ ಕ್ರೀಮ್. ಹಾಗಿದ್ದರೆ ಅವರ ಸಕ್ಕರೆಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಇದು ಬಂದಿದೆ ಅಂತ ಒಬ್ಬರ ಮೇಲೊಬ್ಬರು ಅನುಮಾನಪಡಬೇಕಾಗಿಲ್ಲ.

## ಹಂತ 8: ಗ್ಲಾಬ್ರಾಟಾ ಬಂದವರಿಗೆ

ಇಲ್ಲಿ ದಾರಿ ಬೇರೆ. ಬೋರಿಕ್ ಆ್ಯಸಿಡ್ 600 ಮಿಲಿಗ್ರಾಂ ಕ್ಯಾಪ್ಸೂಲ್, ಒಳಗೆ ಇಡಲು, ದಿನಕ್ಕೊಂದರಂತೆ ಎರಡು ಮೂರು ವಾರ ಬರೆಯುತ್ತಾರೆ. ಎಲ್ಲ ಅಂಗಡಿಯಲ್ಲಿ ಇರುವುದಿಲ್ಲ, ಮೊದಲೇ ಹೇಳಿ ತರಿಸಬೇಕು.

ಇದನ್ನು ಬಾಯಿಗೆ ಹಾಕಿದರೆ ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ. ಬಸುರಿಯರಿಗೆ ಖಂಡಿತ ಇಲ್ಲ. ಇನ್ನೊಂದು ಮಾತು, ನಗು ಬಂದರೂ ಹೇಳಲೇಬೇಕು: ಕೇರಂ ಬೋರ್ಡಿಗೆ ಉದುರಿಸುವ, ಜಿರಳೆಗೆ ಹಾಕುವ ಬೋರಿಕ್ ಪೌಡರ್ ತಂದು ಖಾಲಿ ಕ್ಯಾಪ್ಸೂಲಿಗೆ ತುಂಬಲು ಹೋಗಬೇಡಿ. ಅದರಲ್ಲಿ ಏನೇನು ಬೆರೆಸಿರುತ್ತಾರೆ, ಒಂದು ಕ್ಯಾಪ್ಸೂಲಿಗೆ ಎಷ್ಟು ತುಂಬಿತು, ಯಾವುದಕ್ಕೂ ಲೆಕ್ಕ ಇಲ್ಲ. ಹೀಗೆ ಮಾಡಬಹುದಾ ಅಂತ ಇಬ್ಬರು ನನ್ನನ್ನು ಕೇಳಿದ್ದಾರೆ.

## ಹಂತ 9: 27ನೇ ಸೋಮವಾರ

ಕೋರ್ಸ್ ಮುಗಿಯಿತು. ಈಗ ಸತ್ಯ ಹೇಳಬೇಕು: ವಾರದ ಮಾತ್ರೆ ನಿಲ್ಲಿಸಿದ ಮೇಲೆ ಸುಮಾರು ಅರ್ಧದಷ್ಟು ಹೆಂಗಸರಿಗೆ ಮತ್ತೆ ಬರುತ್ತದೆ. ಕೋರ್ಸ್ ವ್ಯರ್ಥವಾಯಿತು ಅಂತಲ್ಲ. ಆ ಆರು ತಿಂಗಳು ಚರ್ಮಕ್ಕೆ ಸುಧಾರಿಸಿಕೊಳ್ಳಲು ಸಮಯ ಸಿಕ್ಕಿರುತ್ತದೆ, ನಿಮಗೆ ಕಾರಣ ಹುಡುಕಲು ಸಮಯ ಸಿಕ್ಕಿರುತ್ತದೆ.

ಮತ್ತೆ ತುರಿಕೆ ಶುರುವಾದರೆ ಉಳಿದ ಮಾತ್ರೆ ಹುಡುಕಬೇಡಿ, ಫೋಟೊ ಹಿಡಿದು ನನ್ನ ಮೂಲೆಗೂ ಬರಬೇಡಿ. ನೇರ ಹಂತ 3. ಈ ಸಲದ ಜಾತಿ ಬೇರೆ ಇರಬಹುದು, ಅಥವಾ ಅದೇ ಜಾತಿ ಮಾತ್ರೆಗೆ ಒಗ್ಗಿಹೋಗಿರಬಹುದು. ಹಾಗಾಗಿ ಕಲ್ಚರ್ ಜೊತೆ ಯಾವ ಔಷಧಿಗೆ ಸಾಯುತ್ತದೆ ಅನ್ನುವ ಸೆನ್ಸಿಟಿವಿಟಿ ಟೆಸ್ಟನ್ನೂ ಕೇಳಿ. ಹಳೇ ಆಲ್ಬಿಕನ್ಸ್ ಆಗಿದ್ದು ಮಾತ್ರೆಗೆ ಬಗ್ಗುವುದಾದರೆ ಡಾಕ್ಟರ್ ಅದೇ ಕೋರ್ಸನ್ನು ಇನ್ನೊಂದು ಸುತ್ತು ಬರೆಯಬಹುದು. ಕವರ್ ಮತ್ತು ಗೀಟು ಹೊಡೆದ ಕ್ಯಾಲೆಂಡರ್ ಹಾಳೆಗಳನ್ನು ಎಸೆಯಬೇಡಿ. ಎಷ್ಟು ಮಾತ್ರೆ ತಪ್ಪಿಸಿದ್ದಿರಿ ಅಂತ ಡಾಕ್ಟರ್ ಮೊದಲು ಕೇಳುವುದೇ ಅದನ್ನು.